ಸಂಸ್ಥಾಪಕರ ಮೈಮೇಲಿನ ಹೇನು

ಮೀನಿಗೆ ಹೇನು ಹತ್ತಿದ್ದು ನಮ್ಮಿಂದ ಎಂದು ಮ್ಯಾನೇಜರು ಕಂಡುಹಿಡಿದರು. ಕುರ್ಚಿಯಲ್ಲಿ ಕೂತೇ ಕಂಡುಹಿಡಿದರು.

ನಾವು ಎಂಟು ಜನ ಹೆಂಗಸರು. ಮೀನು ಸಾಕುವ ಕೇಂದ್ರದಲ್ಲಿ ನೀರಿಗಿಳಿಯುವ ಕೆಲಸ ನಮ್ಮದು. ಬೆಳಿಗ್ಗೆ ಎಂಟಕ್ಕೆ ಇಳಿದರೆ ಮಧ್ಯಾಹ್ನ ಊಟಕ್ಕೆ ಒಮ್ಮೆ ಮೇಲೆ, ಮತ್ತೆ ಸಂಜೆ ಐದರವರೆಗೆ ಸೊಂಟದುದ್ದ ನೀರಿನಲ್ಲಿ. ನನ್ನಮ್ಮ ಇಪ್ಪತ್ತೆರಡು ವರ್ಷದಿಂದ ಇಳಿಯುತ್ತಿದ್ದಾಳೆ. ನಾನು ಆರು ವರ್ಷದಿಂದ. ಚಿಕ್ಕಮ್ಮ, ಅಂದರೆ ಅಮ್ಮನ ತಂಗಿ, ನಡುವೆ ಎಲ್ಲೋ ಸೇರಿಕೊಂಡವಳು. ನಮ್ಮನ್ನು ನೀರಿನವರು ಅನ್ನುತ್ತಾರೆ. ಕಚೇರಿಯವರು ದಡದವರು. ಅವರ ಮಕ್ಕಳು ದಡದವರಾಗುತ್ತಾರೆ, ನಮ್ಮ ಮಕ್ಕಳು ನೀರಿನವರಾಗುತ್ತಾರೆ. ಇದನ್ನು ಯಾರೂ ಎಲ್ಲೂ ಬರೆದಿಟ್ಟಿಲ್ಲ, ಬರೆಯದೇ ಎಲ್ಲರಿಗೂ ಬಾಯಿಪಾಠ. ಅವರು ಕುಡಿಯುವ ನೀರಿನ ಕೊಡ ನಾವು ಮುಟ್ಟುವಂತಿಲ್ಲ. ಕಚೇರಿಯ ಮೆಟ್ಟಿಲು ಹತ್ತುವಂತಿಲ್ಲ. ಆದರೆ ನಾವು ಎದೆಗವಚಿಕೊಂಡು, ತಿಕ್ಕಿ, ಕಿವಿರಿನೊಳಗೆ ಬೆರಳು ಹಾಕಿ ತೊಳೆದ ಮೀನು ಅವರ ತಟ್ಟೆಗೆ ಹೋಗುತ್ತದೆ. ಅದನ್ನು ಚಪ್ಪರಿಸಿಕೊಂಡು ತಿನ್ನುತ್ತಾರೆ.

ಹೇನು ತೆಗೆಯುವುದು ಹೇಗೆಂದು ಹೇಳುತ್ತೇನೆ. ತಾಯಿಮೀನು ಒಂದೊಂದೂ ಐದಾರು ಕಿಲೋ ತೂಗುತ್ತದೆ. ಬಲೆಯಿಂದ ಎತ್ತಿ ಮಗುವಿನ ಹಾಗೆ ತೋಳಲ್ಲಿ ಮಲಗಿಸಿಕೊಳ್ಳಬೇಕು. ಒದ್ದೆ ಬಟ್ಟೆಯಿಂದ ಕಣ್ಣು ಮುಚ್ಚಿದರೆ ಒದ್ದಾಡುವುದನ್ನು ನಿಲ್ಲಿಸುತ್ತದೆ. ಆಮೇಲೆ ಚಿಮಟ. ಮೀನುಹೇನು ಬೇಳೆಕಾಳಿನಷ್ಟು ಅಗಲ, ಮೈ ಆಚೆಯದು ಕಾಣುವಷ್ಟು ತೆಳು. ಎರಡು ಕಪ್ಪು ಚುಕ್ಕಿ ಕಂಡರೆ ಅದೇ ಅದರ ಕಣ್ಣು. ಹುರುಪೆಯ ಸಂದಿಯಲ್ಲಿ ಕಚ್ಚಿ ಕೂತು ಸೂಜಿ ಚುಚ್ಚಿ ರಕ್ತ ಹೀರುತ್ತದೆ. ಲಂಗರು ಹುಳು ಇನ್ನೊಂದು ಜಾತಿ. ದಾರದ ಹಾಗೆ ಹೊರಗೆ ನೇತಾಡುತ್ತದೆ, ತಲೆ ಮಾತ್ರ ಮಾಂಸದೊಳಗೆ ಹೂತಿರುತ್ತದೆ. ಆತುರಪಟ್ಟು ಎಳೆದರೆ ತಲೆ ಒಳಗೇ ಉಳಿದು ಕೀವಾಗುತ್ತದೆ. ಒಂದು ಮೀನಿಗೆ ಇಪ್ಪತ್ತು ನಿಮಿಷ. ಹತ್ತನೇ ಮೀನಿನ ಹೊತ್ತಿಗೆ ತೋಳು ನನ್ನದೋ ಬೇರೆಯವರದೋ ಗೊತ್ತಾಗುವುದಿಲ್ಲ.

ಈ ವರ್ಷ ಒಂದನೇ ಕೊಳದಲ್ಲಿ ಹೇನು ಮಿತಿಮೀರಿತು. ತೆಗೆದಷ್ಟೂ ಬಂದವು. ಮೀನುಗಳ ಮೈತುಂಬ ಕೆಂಪು ಹುಣ್ಣು. ಮೇವು ಬಿಟ್ಟವು. ನೆಗೆದು ನೆಗೆದು ಬಿದ್ದವು. ಆಗಲೇ ಮ್ಯಾನೇಜರಿಗೆ ಜ್ಞಾನೋದಯವಾಗಿದ್ದು. ನಮ್ಮನ್ನೆಲ್ಲ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿ ಮೆಟ್ಟಿಲ ಮೇಲಿಂದ ಹೇಳಿದರು.

"ನಾನು ಮೂರು ತಿಂಗಳಿಂದ ಲೆಕ್ಕ ಹಾಕಿ ನೋಡಿದೀನಿ. ನೀವು ಯಾವ ಕೊಳಕ್ಕೆ ಜಾಸ್ತಿ ಇಳೀತೀರೋ ಆ ಕೊಳದಲ್ಲೇ ಹೇನು ಜಾಸ್ತಿ."

"ಸಾರ್, ಹೇನು ಜಾಸ್ತಿ ಇರೋ ಕೊಳಕ್ಕೇ ನಮ್ಮನ್ನ ಇಳಿಸೋದು" ಅಂದೆ ನಾನು.

"ಅದನ್ನೇ ನಾನೂ ಹೇಳ್ತಿರೋದು!" ಅಂದರು. ಗೆದ್ದವರ ಹಾಗೆ ಗುಮಾಸ್ತರ ಕಡೆ ನೋಡಿದರು. ಗುಮಾಸ್ತರು ತಲೆಯಾಡಿಸಿದರು. ಅವರ ಕೆಲಸವೇ ಅದು.

ಅವತ್ತೇ ಆದೇಶ ಬಂತು. ನೀರಿಗಿಳಿಯುವವರು ಇಳಿಯುವ ಮೊದಲು ಐದು ನಿಮಿಷ, ಹತ್ತಿದ ಮೇಲೆ ಐದು ನಿಮಿಷ ಉಪ್ಪುನೀರಿನ ತೊಟ್ಟಿಯಲ್ಲಿ ನಿಲ್ಲಬೇಕು. ಒಪ್ಪದವರು ಕೆಲಸ ಬಿಡಬೇಕು. ತೊಟ್ಟಿ ಮೀನುಗಳದ್ದು. ಹೇನು ಹತ್ತಿದ ಮೀನನ್ನು ಅದರಲ್ಲಿ ಬಿಡುತ್ತೇವೆ, ಮೀನು ಮಗುಚಿ ಬೀಳುವಂತಾದರೆ ತಕ್ಷಣ ಎತ್ತುತ್ತೇವೆ. ಅಷ್ಟು ಖಾರ ಆ ಉಪ್ಪು. ಮೊದಲು ಮೀನಿನ ಸ್ನಾನ, ಆಮೇಲೆ ಅದೇ ನೀರಿನಲ್ಲಿ ನಮ್ಮದು. ನಾವು ಮಗುಚಿ ಬೀಳುವಂತಾದರೆ ಎತ್ತುವವರು ಯಾರೆಂದು ಆದೇಶದಲ್ಲಿ ಇರಲಿಲ್ಲ. ಮ್ಯಾನೇಜರು ಒಂದು ಸೀಟಿ ತಂದಿದ್ದರು. ಸೀಟಿ ಊದಿದರೆ ಇಳಿಯುವುದು, ಊದಿದರೆ ಹತ್ತುವುದು.

ತಪಾಸಣೆಯೂ ಆಯಿತು. ಹೆಂಗಸರನ್ನು ತಪಾಸಣೆ ಮಾಡುವ ಫಾರಂ ಕೇಂದ್ರದಲ್ಲಿ ಇರಲಿಲ್ಲ. ಮೀನಿನ ಫಾರಂ ಕಟ್ಟುಗಟ್ಟಲೆ ಇತ್ತು. ಗುಮಾಸ್ತರು ಅದನ್ನೇ ತುಂಬಿದರು. ಉದ್ದ, ತೂಕ, ಲಿಂಗ. ಕಿವಿರಿನ ಬಣ್ಣ ಎಂಬಲ್ಲಿ ನಾಲಿಗೆ ಚಾಚಲು ಹೇಳಿ "ಕೆಂಪು" ಎಂದು ಬರೆದುಕೊಂಡರು. ಚಿಕ್ಕಮ್ಮನ ಸರದಿ ಬಂದಾಗ ಒಂದು ಕಡೆ ತಡವರಿಸಿದರು.

"ಮೊಟ್ಟೆ ಬಿಡಲು ಸಿದ್ಧವಿದೆಯೇ ಅಂತ ಇದೆ. ಏನು ಬರೀಲಿ?"

"ಮೂರು ಬಿಟ್ಟಾಗಿದೆ, ಇನ್ನು ಸಾಕು ಅಂತ ಬರ್ಕೊಳ್ಳಪ್ಪ" ಅಂದಳು ಚಿಕ್ಕಮ್ಮ.

ಎಲ್ಲರೂ ನಕ್ಕೆವು. ಮನುಷ್ಯರನ್ನು ಮೀನಿನ ಪಟ್ಟಿಗೆ ಸೇರಿಸಿದರೆ ನಗುವುದೋ ಅಳುವುದೋ? ನಾನು ಏಳನೇ ನಂಬರು. ಅಮ್ಮ ನಾಲ್ಕು.

ಅಮ್ಮನ ಎಡಗಾಲಿನಲ್ಲಿ ಮೊಳಕಾಲಿಂದ ಕೆಳಗೆ ಗಾಯವಿತ್ತು. ಕೊಳದ ಕಲ್ಲು ತರಚಿದ್ದು. ದಿನವೂ ನೀರಿನಲ್ಲಿ ನಿಂತರೆ ಗಾಯ ಮಾಯುವುದು ಎಲ್ಲಿಂದ ಬಂತು? ಅಂಚು ಬಿಳಿಚಿ, ನಡುವೆ ಹಸಿ ಮಾಂಸ ಕಾಣುತ್ತಿತ್ತು. ಮೊದಲ ದಿನ ಸೀಟಿ ಊದಿದಾಗ ಅಮ್ಮ ಆ ಕಾಲನ್ನೇ ಮೊದಲು ಇಟ್ಟಳು. ಕೂಗಲಿಲ್ಲ. ಹೆಗಲ ಮೇಲಿನ ಟವಲನ್ನು ಕಚ್ಚಿಕೊಂಡಳು. ಕತ್ತಿನ ನರ ಎದ್ದು ನಿಂತಿತು. ಐದು ನಿಮಿಷ ಮ್ಯಾನೇಜರು ಗಡಿಯಾರ ನೋಡುತ್ತಿದ್ದರು, ನಾನು ಆ ನರ ನೋಡುತ್ತಿದ್ದೆ. ಸೀಟಿ ಕಿತ್ತುಕೊಂಡು ಅವರ ಬಾಯಿಗೆ ತುರುಕಬೇಕು ಅನಿಸಿತು. ತುರುಕಲಿಲ್ಲ. ಕೆಲಸ ಬಿಟ್ಟರೆ ತಿನ್ನುವುದೇನು? ಹಾಗೆಂದುಕೊಂಡೇ ಹನ್ನೊಂದು ದಿನ ಕಳೆದವು. ಅಮ್ಮನ ಗಾಯ ನಾಲ್ಕು ಬೆರಳು ಅಗಲವಾಯಿತು.

ಹೇನು ಎಲ್ಲಿಂದ ಬರುತ್ತಿದೆ ಎಂದು ಅಮ್ಮನಿಗೆ ಗೊತ್ತಿತ್ತು. ನಮಗೆಲ್ಲರಿಗೂ ಗೊತ್ತಿತ್ತು.

ಹೇನು ಮೀನಿನ ಮೈಮೇಲೆ ಮೊಟ್ಟೆ ಇಡುವುದಿಲ್ಲ. ಮೀನನ್ನು ಬಿಟ್ಟು ಇಳಿದು ಗಟ್ಟಿ ಜಾಗ ಹುಡುಕುತ್ತದೆ. ಹಲಗೆ, ಗೂಟ, ಕಲ್ಲು. ಅಲ್ಲಿ ಸಾಲು ಸಾಲಾಗಿ ಅಂಟಿಸಿಡುತ್ತದೆ. ಅದಕ್ಕೇ ಅಮ್ಮ ಪ್ರತಿ ಕೊಳದಲ್ಲೂ ಹಲಗೆ ಇಳಿಬಿಡುತ್ತಾಳೆ. ವಾರಕ್ಕೊಮ್ಮೆ ಎತ್ತಿ ಕೆರೆದು ಬಿಸಿಲಿಗಿಡುತ್ತಾಳೆ, ಮೊಟ್ಟೆ ಸುಟ್ಟುಹೋಗುತ್ತವೆ. ಬೇರೆ ಕೊಳಗಳಲ್ಲಿ ಹಲಗೆ ತುಂಬ ಮೊಟ್ಟೆ. ಒಂದನೇ ಕೊಳದ ಹಲಗೆ ಮಾತ್ರ ಖಾಲಿ. ಅಲ್ಲಿ ಹೇನುಗಳಿಗೆ ಹಲಗೆಗಿಂತ ಒಳ್ಳೆಯ ಜಾಗ ಸಿಕ್ಕಿತ್ತು. ಸಂಸ್ಥಾಪಕರು.

ಸಂಸ್ಥಾಪಕರು ಅಂದರೆ ಕೇಂದ್ರದ ಯಜಮಾನರ ತಾತ. ಕಲ್ಲಿನ ವಿಗ್ರಹ. ಮೊದಲು ದಡದಲ್ಲೇ ಇತ್ತಂತೆ. ಮೂರು ವರ್ಷದ ಹಿಂದೆ ಒಂದನೇ ಕೊಳವನ್ನು ಅಗಲ ಮಾಡಿದರು. ವಿಗ್ರಹ ನಡುವೆ ಬಂತು. ಸರಿಸಬೇಕೆಂದರೆ ಹೊರುವವರು ನೀರಿನವರು, ಮುಟ್ಟಿದರೆ ಕೆಡುತ್ತದೆ. ಬಹಳ ಯೋಚನೆ ಮಾಡಿ ಅದನ್ನು ಅಲ್ಲೇ ಬಿಟ್ಟು ಸುತ್ತ ಅಗೆದು ನೀರು ತುಂಬಿಸಿದರು. ಈಗ ಸಂಸ್ಥಾಪಕರು ಎದೆಮಟ್ಟ ನೀರಿನಲ್ಲಿ ನಿಂತಿದ್ದಾರೆ. ಬಲಗೈ ಮೇಲೆತ್ತಿದ್ದಾರೆ, ಬಸ್ಸು ನಿಲ್ಲಿಸುವವರ ಹಾಗೆ. ಬದುಕಿದ್ದಾಗ ಪಾದ ಒದ್ದೆ ಮಾಡಿಕೊಂಡವರಲ್ಲ. ವರ್ಷಕ್ಕೊಂದು ದಿನ ಯಜಮಾನರು ದಡದಿಂದ ಉದ್ದನೆಯ ಗಳುವಿನ ತುದಿಯಲ್ಲಿ ಹಾರ ಸಿಕ್ಕಿಸಿ ಅವರ ಕೊರಳಿಗೆ ಹಾಕಲು ನೋಡುತ್ತಾರೆ. ಪ್ರತಿ ಸಲವೂ ಹಾರ ನೀರಿಗೆ ಬೀಳುತ್ತದೆ. ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ವಿಗ್ರಹದಿಂದ ನಾಲ್ಕು ಮಾರು ದೂರದಲ್ಲಿ ಹಗ್ಗ ಕಟ್ಟಿದ್ದಾರೆ. ಮೀನು ಆ ಹಗ್ಗ ದಾಟಬಹುದು. ನಾವು ದಾಟುವಂತಿಲ್ಲ.

ಅಮ್ಮ ಮ್ಯಾನೇಜರಿಗೆ ಮೂರು ಸಲ ಹೇಳಿದ್ದಳು. "ಸಾರ್, ಹಿರಿಯರ ಮೈಮೇಲೆ ಮೊಟ್ಟೆ ಇದೆ. ಕೆರೀಬೇಕು." ಮೊದಲ ಸಲ ಮ್ಯಾನೇಜರು ಕೇಳಿಸದವರ ಹಾಗೆ ಇದ್ದರು. ಎರಡನೇ ಸಲ ಗದರಿದರು. ಮೂರನೇ ಸಲ ಹಿರಿಯರಿಗೆ ಅವಮಾನ ಮಾಡಿದ್ದಕ್ಕೆ ಅಮ್ಮನನ್ನು ಇಡೀ ದಿನ ಗೇಟಿನ ಹೊರಗೆ ನಿಲ್ಲಿಸಿದರು.

ಹನ್ನೆರಡನೇ ದಿನ ಮೀನು ಡಾಕ್ಟರು ಬಂದರು. ಒಂದನೇ ಕೊಳದಲ್ಲಿ ದಿನಕ್ಕೆ ಮೂವತ್ತು ನಲವತ್ತು ಮೀನು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಡಾಕ್ಟರು ಸಣಕಲು ಮನುಷ್ಯ. ಪೆಟ್ಟಿಗೆ ತೆರೆದು ಭೂತಗನ್ನಡಿ ತೆಗೆದರು. ಒಂದು ಮೀನು ನೋಡಿದರು, ಎರಡು ನೋಡಿದರು, ನೀರು ನೋಡಿದರು. ಆಮೇಲೆ ತೊಟ್ಟಿಯಲ್ಲಿ ನಿಂತ ನಮ್ಮ ಎಂಟು ಜನರನ್ನು ನೋಡಿದರು.

"ಇವ್ರು ಯಾಕೆ ಇದರಲ್ಲಿ ನಿಂತಿದಾರೆ?"

"ಚಿಕಿತ್ಸೆ" ಅಂದರು ಮ್ಯಾನೇಜರು.

"ಯಾವುದಕ್ಕೆ?"

"ಮೀನುಹೇನಿಗೆ."

ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. "ಮೀನುಹೇನು ಮನುಷ್ಯರ ಮೈಮೇಲೆ ಬದುಕಲ್ಲ ಮಾರಾಯ್ರೇ."

"ಇವರ ಮೈಮೇಲೆ?" ಅಂದರು ಮ್ಯಾನೇಜರು.

ಚಿಕ್ಕಮ್ಮನಿಗೆ ತಡೆಯಲಾಗಲಿಲ್ಲ. ಅಮ್ಮನ ಕೈ ಹಿಡಿದು ತೊಟ್ಟಿಯಿಂದ ಹೊರಗೆಳೆದು ಡಾಕ್ಟರ ಮುಂದೆ ನಿಲ್ಲಿಸಿದಳು. "ಡಾಕ್ಟ್ರೇ, ಇವಳ ಕಾಲು ಸ್ವಲ್ಪ ನೋಡಿ."

"ನಾನು ಮೀನಿನ ಡಾಕ್ಟರಮ್ಮ."

"ಪರವಾಗಿಲ್ಲ, ಇವಳು ಪಟ್ಟಿಯಲ್ಲಿ ಇದಾಳೆ. ನಾಲ್ಕನೇ ನಂಬರು. ಕಿವಿರು ಕೆಂಪಗಿದೆ."

ಡಾಕ್ಟರು ಬಗ್ಗಿ ಭೂತಗನ್ನಡಿ ಹಿಡಿದು ನೋಡಿದರು. ಬಹಳ ಹೊತ್ತು ನೋಡಿದರು. ಎದ್ದಾಗ ಮುಖ ಬೇರೆಯಾಗಿತ್ತು. "ಇದಕ್ಕೆ ಯಾವ ಹುಳವೂ ಹತ್ತಿಲ್ಲ. ಆದ್ರೆ ಇನ್ನೊಂದು ವಾರ ಉಪ್ಪಲ್ಲಿ ನಿಂತ್ರೆ ಕಾಲು ಮೂಳೆವರೆಗೆ ಕೊಳೆಯುತ್ತೆ. ಕತ್ತರಿಸಬೇಕಾಗುತ್ತೆ. ಒಣಗಿದ ಜಾಗದಲ್ಲಿ ಇಡಿ, ಅಷ್ಟೇ." ಮೀನಿಗೆ ಹಚ್ಚುವ ಮುಲಾಮನ್ನೇ ಒಂದಿಷ್ಟು ಹಚ್ಚಿ ಬಟ್ಟೆ ಕಟ್ಟಿದರು. ಇಪ್ಪತ್ತೆರಡು ವರ್ಷದಲ್ಲಿ ಆ ಕೇಂದ್ರದಲ್ಲಿ ಅಮ್ಮನ ಮೈಗೆ ಸಿಕ್ಕ ಮೊದಲ ಔಷಧಿ ಅದು.

ಆಮೇಲೆ ಅವರು ಉದ್ದನೆಯ ಗಳು ಕೇಳಿ ಪಡೆದು, ದಡದಿಂದಲೇ ವಿಗ್ರಹದ ನೀರೊಳಗಿನ ಹೊಟ್ಟೆಯನ್ನು ಕೆರೆದರು. ಗಳುವಿನ ತುದಿಯಲ್ಲಿ ಲೋಳೆಯ ಹಾಗೆ ಅಂಟಿ ಬಂತು. ಅಷ್ಟರಲ್ಲಿ ಯಜಮಾನರೂ ಬಂದಿದ್ದರು. ಡಾಕ್ಟರು ಭೂತಗನ್ನಡಿ ಕೊಟ್ಟರು.

"ನೋಡಿ. ಹೇನಿನ ಮೊಟ್ಟೆ. ಸಾವಿರಾರು. ಮೂರು ವರ್ಷದಿಂದ ಕೆರೆದಿಲ್ಲ."

"ನಮ್ಮ ತಾತನಿಗೆ ಹೇನೇ?" ಅಂದರು ಯಜಮಾನರು.

"ತಾತನಿಗಲ್ಲ ಸಾರ್, ಕಲ್ಲಿಗೆ."

"ಕಲ್ಲು ಯಾರದು?"

"ನಿಮ್ಮ ತಾತನದು."

"ಮತ್ತೆ!"

ಡಾಕ್ಟರು ಪೆಟ್ಟಿಗೆ ಮುಚ್ಚಿದರು. ವಿಗ್ರಹವನ್ನು ನಾಳೆಯೇ ಪೂರ್ತಿ ಕೆರೆಯಬೇಕು, ಆಮೇಲೆ ಆರು ವಾರ ವಾರಕ್ಕೊಮ್ಮೆ ಕೆರೆಯುತ್ತಲೇ ಇರಬೇಕು, ಇಲ್ಲದಿದ್ದರೆ ಕೊಳ ಪೂರ್ತಿ ಸಾಯುತ್ತದೆ ಎಂದು ಹೇಳಿ ಹೊರಟುಹೋದರು.

ನಮ್ಮ ತಪ್ಪಲ್ಲ ಎಂದು ಗೊತ್ತಾಯಿತಲ್ಲ, ತೊಟ್ಟಿ ನಿಲ್ಲುತ್ತದೆ ಎಂದುಕೊಂಡೆ. ಎಂಥ ಹುಚ್ಚಿ ನಾನು! ಮರುದಿನ ಬೆಳಿಗ್ಗೆ ಗುಮಾಸ್ತರು ಒಂದು ಕಾಗದ ತಂದು ಮೆಟ್ಟಿಲ ಮೇಲಿಂದ ಕೆಳಗೆ ಬಿಟ್ಟರು. ಹಾರಿ ಬಂದು ಅಂಗಳಕ್ಕೆ ಬಿತ್ತು. ಎತ್ತಿಕೊಂಡು ಎಲ್ಲರಿಗೂ ಕೇಳುವ ಹಾಗೆ ಓದಿದೆ. ಸಂಸ್ಥಾಪಕರನ್ನು ಮುಟ್ಟಲು ನೀರಿನವರಿಗೆ ಅನುಮತಿ ಕೊಡಲಾಗಿದೆ. ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ಮಾತ್ರ. ಕುತ್ತಿಗೆಯಿಂದ ಕೆಳಗೆ ಮಾತ್ರ. ಕೈಗೆ ಗವಸು ಹಾಕಿಕೊಂಡು ಮಾತ್ರ. ಹಿರಿಯರಿಗೆ ಹೇನು ಹತ್ತಿದ್ದು ನೀರಿನವರಿಂದಲೇ ಆದ್ದರಿಂದ, ಮುಟ್ಟಿದವರು ಆ ಬಳಿಕ ತೊಟ್ಟಿಯಲ್ಲಿ ಹತ್ತು ನಿಮಿಷ ನಿಲ್ಲತಕ್ಕದ್ದು.

"ಐದಿದ್ದದ್ದು ಹತ್ತಾಯ್ತಾ?" ಅಂದಳು ಚಿಕ್ಕಮ್ಮ.

ನಾನು ಕಾಗದ ಮಡಚಿ ಮೆಟ್ಟಿಲ ಮೇಲಿಟ್ಟೆ. "ನಾವು ಇಳಿಯಲ್ಲ ಸಾರ್."

ಗುಮಾಸ್ತರ ಹಿಂದೆ ನಿಂತಿದ್ದ ಮ್ಯಾನೇಜರಿಗೆ ಅರ್ಥವಾಗಲಿಲ್ಲ. "ಅನುಮತಿ ಕೊಟ್ಟಿದೀವಲ್ಲ?"

"ನಮಗೆ ಬೇಡ. ಹಿರಿಯರನ್ನ ಮುಟ್ಟಬಾರದು ಅಂತ ನೀವೇ ಹೇಳಿದ್ದು. ನಾವು ಮುಟ್ಟಲ್ಲ. ದಡದವರು ಇಳಿದು ಕೆರೀಲಿ."

ಎಂಟೂ ಜನ ಏರಿಯ ಮೇಲೆ ಕೂತೆವು. ಆಮೇಲೆ ನಡೆದದ್ದು ತಮಾಷೆ. ಗುಮಾಸ್ತರಿಗೆ ನೀರೆಂದರೆ ತಲೆ ಸುತ್ತುತ್ತದಂತೆ. ಕಾವಲುಗಾರನಿಗೆ ನೆಗಡಿ. ಮ್ಯಾನೇಜರು ತಮ್ಮ ನೇಮಕಾತಿ ಪತ್ರವನ್ನೇ ತಂದು ತೋರಿಸಿದರು, ಅದರಲ್ಲಿ ನೀರು ಎಂಬ ಪದವೇ ಇರಲಿಲ್ಲ. ಯಜಮಾನರು ಬೂಟು ಬಿಚ್ಚಿದರು. ಒಂದು ಕಾಲುಚೀಲ ಬಿಚ್ಚಿದರು. ನೀರಿನ ಮೇಲೆ ಸತ್ತ ಮೀನು ತೇಲಿ ಬಂದು ಅವರ ಎದುರಿಗೆ ನಿಂತಿತು. ಕಾಲುಚೀಲ ಮತ್ತೆ ಹಾಕಿಕೊಂಡರು.

ಮಧ್ಯಾಹ್ನವಾಯಿತು. ಮೀನುಗಳು ಮೈ ಕಡಿತ ತಾಳಲಾರದೆ ನುಗ್ಗಿ ನುಗ್ಗಿ ವಿಗ್ರಹಕ್ಕೆ ಮೈ ಉಜ್ಜುತ್ತಿದ್ದವು. ಒಂದು ತಾಯಿಮೀನು ಏರಿಯ ಹತ್ತಿರ ಬಂದು ಬಾಯಿ ತೆರೆದು ಮುಚ್ಚಿ ಮಾಡಿತು. ಅಮ್ಮ ಅದನ್ನೇ ನೋಡುತ್ತಿದ್ದಳು. ಎದ್ದಳು.

"ಅಮ್ಮಾ, ಬೇಡ" ಅಂದೆ. "ಕಾಲು ಹೋಗುತ್ತೆ. ಅದಕ್ಕೇ ನಾವು ಕೂತಿರೋದು."

"ಮೀನು ಏನು ತಪ್ಪು ಮಾಡಿದ್ವೇ?" ಅಂದಳು. "ಅವು ಕಾಗದ ಬರೆದ್ವಾ?"

ನನಗೆ ಸಿಟ್ಟು ಬಂತು. ಅಮ್ಮನ ಮೇಲೆ ಬಂದ ಸಿಟ್ಟು ಇವತ್ತಿಗೂ ಪೂರ್ತಿ ಇಳಿದಿಲ್ಲ. ಇಪ್ಪತ್ತೆರಡು ವರ್ಷ ಕರುಣೆ ತೋರಿಸಿಯೇ ಆ ಕಾಲು ಹಾಗಾದದ್ದು.

ಅಮ್ಮ ಗವಸು ಹಾಕಿಕೊಳ್ಳಲಿಲ್ಲ. ಹಲಗೆ ಕೆರೆಯುವ ಕತ್ತಿ, ಬುಟ್ಟಿ ಹಿಡಿದು ನೀರಿಗಿಳಿದಳು. ಹಗ್ಗ ಎತ್ತಿ ತಲೆಯ ಹಿಂದಕ್ಕೆ ಹಾಕಿದಳು. ಸಂಸ್ಥಾಪಕರ ಮುಂದೆ ನಿಂತು ಒಂದು ಗಳಿಗೆ ಅವರನ್ನು ಮೇಲಿಂದ ಕೆಳಗೆ ನೋಡಿದಳು. ಟವಲು ತೆಗೆದಳು, ಇಡಲು ಜಾಗವಿರಲಿಲ್ಲ, ಅವರ ಎತ್ತಿದ ಕೈಗೇ ನೇತುಹಾಕಿದಳು. ದಡದಲ್ಲಿ ಯಾರೋ ಉಸಿರೆಳೆದುಕೊಂಡರು. ಅಮ್ಮ ಕತ್ತಿಯ ಬೆನ್ನಿನಿಂದ ಕೆರೆಯತೊಡಗಿದಳು. ಹೊಟ್ಟೆ, ಬೆನ್ನು, ಕಂಕುಳು. ಲೋಳೆಯನ್ನು ಬುಟ್ಟಿಗೆ ತುಂಬಿದಳು. ಒಂದು ಗಂಟೆ ಕೆರೆದಳು. ನೀರಿನೊಳಗಿನದು ಮುಗಿದ ಮೇಲೆ ನಿಲ್ಲಿಸಲಿಲ್ಲ. ಹೆಗಲಿಗೆ ಬಂದಳು. ಕುತ್ತಿಗೆಗೆ ಬಂದಳು. ಮುಖಕ್ಕೆ ಕೈ ಹಾಕಿದಳು.

"ಏಯ್! ಕುತ್ತಿಗೆಯಿಂದ ಮೇಲೆ ಮುಟ್ಟಬೇಡ!" ಯಜಮಾನರು ಕಿರುಚಿದರು. ಮ್ಯಾನೇಜರು ಸೀಟಿ ಊದಿದರು. ಊದುತ್ತಲೇ ಇದ್ದರು.

"ಸುಮ್ನಿರಪ್ಪ" ಅಂದಳು ಅಮ್ಮ, ತಿರುಗಿಯೂ ನೋಡದೆ. "ಕಿವಿ ಹಿಂದೆಲ್ಲ ಹಕ್ಕಿ ಹಿಕ್ಕೆ. ಹಿರಿಯರಂತೆ, ಒಬ್ಬರಾದ್ರೂ ಮೈ ತೊಳೀಬಾರ್ದಾ?" ಮಗುವಿಗೆ ತೊಳೆಯುವ ಹಾಗೆ ಮೂಗು ತೊಳೆದಳು, ಹಣೆ ತೊಳೆದಳು. ಕಿವಿಯೊಳಗೆ ಬೆರಳು ಹಾಕಿ ತಿರುಗಿಸಿದಳು. ಚಿಕ್ಕಮ್ಮ ಏರಿಯ ಮೇಲೆ ಬಿದ್ದು ಬಿದ್ದು ನಕ್ಕಳು. ನನಗೆ ಅಳು ಬಂತು.

ಮೇಲೆ ಬಂದಾಗ ಕಾಲಿನ ಬಟ್ಟೆ ಕಳಚಿಹೋಗಿತ್ತು. ನೀರಿನ ಜೊತೆ ರಕ್ತವೂ ಇಳಿಯುತ್ತಿತ್ತು. ಮ್ಯಾನೇಜರು ತೊಟ್ಟಿಯ ಕಡೆ ಕೈ ತೋರಿಸಿದರು. ಬೇಕೆಂದು ತೋರಿಸಿದರೋ ಅಭ್ಯಾಸಬಲವೋ ಗೊತ್ತಿಲ್ಲ.

ಅಮ್ಮ ತೊಟ್ಟಿ ನೋಡಿದಳು. ಕಾಲು ನೋಡಿಕೊಂಡಳು.

"ಇಳಿಯಲ್ಲ" ಅಂದಳು.

"ಹಾಗಾದ್ರೆ ನಾಳೆಯಿಂದ ಬರಬೇಡ" ಅಂದರು ಯಜಮಾನರು.

"ಆಯ್ತು."

ಅಷ್ಟೇ. ಅಮ್ಮ ಗೇಟಿನ ಕಡೆ ನಡೆದಳು. ನಾವು ಏಳು ಜನ ಹಿಂದೆ ಹೋದೆವು. ಯಾರೂ ಯಾರನ್ನೂ ಕರೆಯಲಿಲ್ಲ.

ಏಳು ದಿನ ಮನೆಯಲ್ಲಿ ಕೂತೆವು. ಕೂತು ತಿನ್ನುವಷ್ಟು ಯಾರ ಮನೆಯಲ್ಲೂ ಇರಲಿಲ್ಲ. ಒಬ್ಬರ ಮನೆಯ ಒಲೆ ಹತ್ತಿದರೆ ಎಂಟು ಮನೆಗೂ ಗಂಜಿ. ಅಮ್ಮ ಬಾಗಿಲಲ್ಲಿ ಕಾಲು ಚಾಚಿ ಬಿಸಿಲಿಗಿಟ್ಟು ಕೂರುತ್ತಿದ್ದಳು. ನಾಲ್ಕನೇ ದಿನ ಗಾಯದ ಅಂಚು ಕಪ್ಪಾಯಿತು. ಆರನೇ ದಿನ ಹಕ್ಕಳೆ ಕಟ್ಟಿತು. ನಾನು ದಿನಕ್ಕೆ ಹತ್ತು ಸಲ ನೋಡುತ್ತಿದ್ದೆ. ನನ್ನಮ್ಮನ ಕಾಲು ಒಣಗಿದ್ದನ್ನು ನಾನು ಬುದ್ಧಿ ಬಂದಾಗಿಂದ ನೋಡಿರಲಿಲ್ಲ.

ಎಂಟನೇ ದಿನ ಮ್ಯಾನೇಜರು ನಮ್ಮ ಕೇರಿಗೆ ಬಂದರು. ಮೂಗಿಗೆ ಕರವಸ್ತ್ರ ಹಿಡಿದಿದ್ದರು.

"ಮತ್ತೆ ಮೊಟ್ಟೆ ಇಟ್ಟಿವೆ" ಅಂದರು.

"ಇಡ್ತವೆ" ಅಂದಳು ಅಮ್ಮ. "ಡಾಕ್ಟ್ರು ಹೇಳಿರ್ಲಿಲ್ವಾ?"

"ಯಜಮಾನರು ಬರೋಕೆ ಹೇಳಿದಾರೆ. ಹಗ್ಗ ಬಿಚ್ಚಿಸಿದೀವಿ. ಗವಸು ಬೇಡ. ತೊಟ್ಟಿಯಲ್ಲಿ ಎರಡೇ ನಿಮಿಷ ನಿಂತ್ರೆ ಸಾಕು."

"ತೊಟ್ಟಿ ಒಡೀರಿ, ಬರ್ತೀವಿ" ಅಂದೆ ನಾನು.

"ನೀರು ಖಾಲಿ ಮಾಡಿಸ್ತೀನಿ."

"ಖಾಲಿ ಮಾಡಿದ್ದನ್ನ ತುಂಬಿಸೋಕೆ ಎಷ್ಟು ಹೊತ್ತು ಬೇಕು ಸಾರ್? ಒಡೀರಿ. ಮೀನಿನ ಸ್ನಾನಕ್ಕೆ ಬಕೆಟ್ಟು ಸಾಕು."

ಮ್ಯಾನೇಜರು ಕರವಸ್ತ್ರ ಕೆಳಗಿಳಿಸಿದರು. "ಇವತ್ತು ಬೆಳಿಗ್ಗೆ ಅರವತ್ತು ಸತ್ತಿವೆ" ಅಂದರು. ಆಮೇಲೆ, "ಒಡೆಯೋಕೆ ಒಪ್ಪಿಸ್ತೀನಿ ಅಂತಲೇ ಇಟ್ಕೊಳ್ಳಿ. ಆದ್ರೆ ಒಡೆಯೋರು ಯಾರು? ದಡದವರಿಗೆ ಸುತ್ತಿಗೆ ಹಿಡಿಯೋಕೆ ಬರಲ್ಲ."

ಚಿಕ್ಕಮ್ಮ ಒಳಗಿಂದಲೇ ಕೂಗಿದಳು. "ಅದಕ್ಕೆ ಬರ್ತೀವಿ, ನಡೀರಿ! ಈಗಲೇ!"

ಕೆಲಸಕ್ಕೆ ಅಷ್ಟು ಅವಸರದಿಂದ ನಾವು ಯಾವತ್ತೂ ಹೋದವರಲ್ಲ. ಒಬ್ಬಳು ಸುತ್ತಿಗೆ ತಂದಳು, ಒಬ್ಬಳು ಹಾರೆ, ಒಬ್ಬಳು ರುಬ್ಬುವ ಗುಂಡು. ಮ್ಯಾನೇಜರು ಮುಂದೆ, ನಾವು ಹಿಂದೆ. ಅಮ್ಮ ಕುಂಟುತ್ತಾ ಬಂದಳು. ಬೇಡ, ಮನೆಯಲ್ಲಿರು ಅಂದರೆ ಕೇಳಲಿಲ್ಲ. ಯಜಮಾನರು ಕಚೇರಿಯ ಕಿಟಕಿಯಲ್ಲಿ ನಿಂತಿದ್ದರು, ನಮ್ಮನ್ನು ಕಂಡು ಕಿಟಕಿ ಮುಚ್ಚಿದರು.

ಮೊದಲ ಏಟು ಅಮ್ಮನಿಗೇ ಬಿಟ್ಟೆವು. ಸುತ್ತಿಗೆ ಎರಡೂ ಕೈಯಲ್ಲಿ ಎತ್ತಿ, ಒಣಗಿದ ಕಾಲನ್ನು ಗಟ್ಟಿಯಾಗಿ ಊರಿ ಹೊಡೆದಳು. ತೊಟ್ಟಿ ಜಗ್ಗಲಿಲ್ಲ. ಒಳ್ಳೆ ಸಿಮೆಂಟು ಹಾಕಿದ್ದರು, ಕಟ್ಟಿದವರೂ ನಾವೇ. ನಾನು ಸುತ್ತಿಗೆಗೆ ಕೈಚಾಚಿದೆ.

ಅಮ್ಮ ಕೊಡಲಿಲ್ಲ. ಮತ್ತೆ ಹೊಡೆದಳು.